ಮೋವಾಬ್: ಉಪ್ಪಿನ ಮೇಲೆ ಕೂತ ಊರು

ನದಿ ಎಂದಮೇಲೆ ಕಣಿವೆಯ ಉದ್ದಕ್ಕೆ ಹರಿಯಬೇಕು. ಅಮೆರಿಕದ ಯೂಟಾ ರಾಜ್ಯದ ಮೋವಾಬಿನಲ್ಲಿ ಕೊಲೊರಾಡೊ ನದಿ ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಒಂದು ಬದಿಯ ಕೆಂಪು ಬಂಡೆಗೋಡೆಯ ಸೀಳಿನಿಂದ ಹೊರಬಂದು, ಕಣಿವೆಯನ್ನು ಅಡ್ಡಕ್ಕೆ ದಾಟಿ, ಎದುರು ಗೋಡೆಯ ಇನ್ನೊಂದು ಸೀಳಿನೊಳಗೆ ಹೊಕ್ಕುಬಿಡುತ್ತದೆ. ಏಕೆಂದರೆ ಈ ಕಣಿವೆಯನ್ನು ಮಾಡಿದ್ದು ನದಿಯಲ್ಲ, ಉಪ್ಪು. ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಮತ್ತೆ ಮತ್ತೆ ಬತ್ತಿ, ಸಾವಿರಾರು ಅಡಿ ದಪ್ಪ ಉಪ್ಪಿನ ಪದರ ಬಿಟ್ಟುಹೋಯಿತು. ಅದರ ಮೇಲೆ ಮರಳುಗಲ್ಲು ಪೇರಿಕೊಂಡಂತೆ, ಅಂಗೈ ಒತ್ತಿದ ಕಣಕದ ಹಾಗೆ ಉಪ್ಪು ಸರಿದು ಅಲ್ಲಲ್ಲಿ ಉಬ್ಬಿತು. ಮೇಲಿನ ಕಲ್ಲು ಬಿರಿಯಿತು, ಬಿರುಕಿಗೆ ಇಳಿದ ನೀರು ಉಪ್ಪನ್ನು ಕರಗಿಸಿತು, ಚಾವಣಿ ಕುಸಿಯಿತು. ಕುಸಿದ ಜಾಗದಲ್ಲಿ ಮೋವಾಬ್ ಊರಿದೆ. ಬಿರಿದರೂ ಕುಸಿಯದೆ ಸಾಲುಸಾಲಾಗಿ ನಿಂತ ಕಲ್ಲಿನ ಹಲಗೆಗಳಲ್ಲಿ ಗಾಳಿ, ನೀರು, ಹಿಮ ಸೇರಿ ಕಮಾನು ಕೊರೆದದ್ದು ಎಂಟು ಕಿಲೋಮೀಟರ್ ಆಚೆಯ ಆರ್ಚಸ್ ರಾಷ್ಟ್ರೀಯ ಉದ್ಯಾನ.

ಹೆಚ್ಚಿನವರಿಗೆ ಈ ಊರು ಒಂದು ರಾತ್ರಿಯ ಮಲಗುವ ಜಾಗ. ಬೆಳಿಗ್ಗೆ ಆರ್ಚಸ್, ಮರುದಿನ ಕ್ಯಾನ್ಯನ್‌ಲ್ಯಾಂಡ್ಸ್, ಆಮೇಲೆ ಬಂದ ದಾರಿ. ನಾನು ಬಿಸಿಲುಗಾಲದಲ್ಲಿ ಬಂದು ಚಳಿಗಾಲದವರೆಗೂ ಇಲ್ಲೇ ಬಾಡಿಗೆಗೆ ಉಳಿದೆ. ಉಳಿದವರಿಗೆ ಬೇರೆಯದೇ ಊರು ಸಿಗುತ್ತದೆ: ವಾಚನಾಲಯ, ಬಟ್ಟೆ ಒಗೆಯುವ ಅಂಗಡಿಯ ಸಾಲು, 1954ರಿಂದ ನಡೆಯುತ್ತಿರುವ ಮಿಲ್ಟ್ಸ್ ಎಂಬ ಪುಟ್ಟ ಹೋಟೆಲು, ಮತ್ತು ಯಾರನ್ನು ಮಾತಿಗೆ ಎಳೆದರೂ ಎರಡನೇ ವಾಕ್ಯಕ್ಕೇ ಬಂದುಬಿಡುವ ಮನೆ ಬಾಡಿಗೆಯ ಗೋಳು.

ಇಲ್ಲಿ ಬಿಳಿಯರು ಬೇರೂರಲು ಸಮಯ ಹಿಡಿಯಿತು. ಅದಕ್ಕೆ ಎಷ್ಟೋ ಕಾಲ ಮುಂಚೆ ಇದ್ದವರು ಬಂಡೆಗಳ ಮೇಲೆ ಕುರಿ, ಮನುಷ್ಯ, ಬೇಟೆಯ ಚಿತ್ರ ಕೆತ್ತಿಹೋಗಿದ್ದಾರೆ. ನದಿಗುಂಟ ಹೋಗುವ ಪೊಟ್ಯಾಶ್ ರಸ್ತೆಯಲ್ಲಿ ಕಾರಿನಿಂದ ಇಳಿಯದೆಯೇ ಅವು ಕಾಣುತ್ತವೆ. ಆಮೇಲೆ ಇದು ಯೂಟ್ ಜನರ ನೆಲ. 1855ರಲ್ಲಿ ಮಾರ್ಮನ್ ಪಂಥದ ನಾಯಕ ಬ್ರಿಗಮ್ ಯಂಗ್ ಕಳಿಸಿದ 41 ಮಂದಿ ಮಾರ್ಮನ್ನರು ಕೋಟೆ ಕಟ್ಟಿ, ಬೆಳೆ ಹಾಕಿ, ಕೆಲವೇ ತಿಂಗಳಲ್ಲಿ ಯೂಟರ ದಾಳಿಯಲ್ಲಿ ಮೂವರನ್ನು ಕಳೆದುಕೊಂಡು ಹಿಂದಿರುಗಿದರು. ನೆಲೆ ನಿಂತ ವಲಸಿಗರು ಬಂದದ್ದು 1870ರ ದಶಕದ ಕೊನೆಗೆ. 1883ರ ರೈಲುಮಾರ್ಗ ಊರನ್ನು ಮುಟ್ಟದೆ ಉತ್ತರಕ್ಕೇ ಹಾದುಹೋಯಿತು. ನದಿಗೆ ಸೇತುವೆಯಾದದ್ದು 1912ರಲ್ಲಿ. ಅಲ್ಲಿಯವರೆಗೆ ದನ, ಕುರಿ, ಪೀಚ್, ಸೇಬು, ದ್ರಾಕ್ಷಿ, ದೋಣಿ ದಾಟಿಸುವವನು. ಇಷ್ಟೇ ಬದುಕು.

ಈ ಊರಿನ ಜಾತಕವನ್ನು ಬದಲಿಸಿದವರೆಲ್ಲ ಬೇರೇನನ್ನೋ ಹುಡುಕಿಕೊಂಡು ಬಂದವರು. ಅಲೆಕ್ಸಾಂಡರ್ ರಿಂಗ್‌ಹೋಫರ್ ಎಂಬ ಹಂಗೇರಿ ಮೂಲದವನು ಅದಿರು ಹುಡುಕುತ್ತಾ ಕಲ್ಲಿನ ಆ ವಿಚಿತ್ರಗಳ ನಡುವೆ ಬಿದ್ದ. ಅದಿರಿನ ಬದಲು ಅವನಿಗೆ ಹೊಳೆದದ್ದು ಪ್ರವಾಸಿಗರು. 1923ರಲ್ಲಿ ರೈಲ್ವೆ ಕಂಪನಿಯವರನ್ನು ಕರೆತಂದು ತೋರಿಸಿದ. ಊರಿನ ಪತ್ರಿಕೆಯ ಸಂಪಾದಕರೂ ವೈದ್ಯರೂ ಬೆನ್ನಿಗೆ ನಿಂತರು. 1929ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಹೂವರ್ ಆರ್ಚಸ್ ಅನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ಪೂರ್ಣ ಉದ್ಯಾನವಾದದ್ದು 1971ರಲ್ಲಿ. 1949ರಲ್ಲಿ ಜಾನ್ ಫೋರ್ಡ್ ಕುದುರೆ ಸವಾರರ ಸಿನಿಮಾಕ್ಕೆ ಕ್ಯಾಮೆರಾ ಹೊತ್ತು ಬಂದಾಗ ಊರವರು ಜಾಗ ತೋರಿಸಲೆಂದೇ ಒಂದು ಸಮಿತಿ ಮಾಡಿಕೊಂಡರು. ಅದು ಈಗಲೂ ನಡೆಯುತ್ತಿದೆ.

ಇದೆಲ್ಲ ಚಿಲ್ಲರೆ. ನಿಜವಾದ ಗದ್ದಲ ಶುರುವಾದದ್ದು ಚಾರ್ಲಿ ಸ್ಟೀನ್‌ನಿಂದ. ಟೆಕ್ಸಾಸಿನ ಈ ಭೂವಿಜ್ಞಾನಿಗೆ ಕೆಲಸ ಹೋಗಿತ್ತು. ಹೆಂಡತಿ ಮತ್ತು ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಸಿಸ್ಕೊ ಎಂಬಲ್ಲಿ ಗುಡಿಸಲಿನಲ್ಲಿದ್ದ. ಅಣುಬಾಂಬಿಗೆ ಯುರೇನಿಯಂ ಬೇಕಿದ್ದ ಕಾಲ; ಕೊಳ್ಳುವವರು ಒಬ್ಬರೇ, ಸರ್ಕಾರದ ಅಣುಶಕ್ತಿ ಆಯೋಗ. ಉಳಿದವರು ಗೈಗರ್ ಕೌಂಟರ್ ಹಿಡಿದು ಅಲೆಯುತ್ತಿದ್ದರೆ, ಅದನ್ನು ಕೊಳ್ಳಲು ಕಾಸಿಲ್ಲದ ಸ್ಟೀನ್ ಎಣ್ಣೆ ಹುಡುಕುವವರ ಲೆಕ್ಕಾಚಾರ ಹಿಡಿದು, ತಜ್ಞರು ದಂಡವೆಂದಿದ್ದ ಕಡೆ ಆಳಕ್ಕೆ ಕೊರೆದ. 1952ರ ಜುಲೈಯಲ್ಲಿ ಸುಮಾರು ಇನ್ನೂರು ಅಡಿಯಲ್ಲಿ ಕೊರೆಯುವ ಯಂತ್ರ ಮುರಿಯಿತು. ಮೇಲೆ ಬಂದ ಕಪ್ಪು ಕಲ್ಲನ್ನು ಸಿಸ್ಕೊದ ಪೆಟ್ರೋಲ್ ಬಂಕಿನಲ್ಲಿ ಗೆಳೆಯನ ಕೌಂಟರಿಗೆ ಹಿಡಿದಾಗ ಮುಳ್ಳು ಕೊನೆಗೆ ಹೋಗಿ ನಿಂತಿತು.

ಆಮೇಲಿನದು ಸಿನಿಮಾಕ್ಕಿಂತ ಜೋರು. ಮೋವಾಬಿನ ಜನಸಂಖ್ಯೆ 1950ರಲ್ಲಿ ಸಾವಿರದ ಮುನ್ನೂರರ ಆಸುಪಾಸು. 1960ಕ್ಕೆ ನಾಲ್ಕೂವರೆ ಸಾವಿರ ದಾಟಿತ್ತು. ಸ್ಟೀನ್ ಗುಡ್ಡದ ತುದಿಗೆ ಈಜುಕೊಳದ ಬಂಗಲೆ ಕಟ್ಟಿದ, ವಿಮಾನ ಶೆಡ್ಡಿನಲ್ಲಿ ಊರಿಗೆ ಊರನ್ನೇ ಕರೆದು ಔತಣ ಕೊಟ್ಟ, ಹಳೆಯ ಬೂಟಿಗೆ ಕಂಚು ಹೊದಿಸಿ ಇಟ್ಟುಕೊಂಡ, ರಾಜ್ಯದ ಸೆನೆಟಿಗೂ ಆರಿಸಿಬಂದ. 1956ರಲ್ಲಿ ನದಿ ದಡದಲ್ಲಿ ಅವನ ಯುರೇನಿಯಂ ಮಿಲ್ಲು ಶುರುವಾಯಿತು. 1968ಕ್ಕೆ ದಿವಾಳಿ. ಸಿರಿವಂತಿಕೆಯನ್ನು ಅವನಷ್ಟು ಸಂಭ್ರಮದಿಂದ ಕಳೆದವರು ಕಡಿಮೆ. ಊರಿನ ಹಳಬರು ಇಂದಿಗೂ ಅವನ ಕಥೆಯನ್ನು ನಗುತ್ತಲೇ ಹೇಳುತ್ತಾರೆ.

ಅದೇ ನಗು 1963ರ ಆಗಸ್ಟಿನ ಮಾತಿಗೆ ಬರುವುದಿಲ್ಲ. ಊರ ಕೆಳಗಿನ ಅದೇ ಉಪ್ಪಿನ ಪದರದಿಂದ ಗೊಬ್ಬರಕ್ಕೆ ಪೊಟ್ಯಾಶ್ ತೆಗೆಯಲು ಅಗೆಯುತ್ತಿದ್ದ ಗಣಿಯಲ್ಲಿ ಸ್ಫೋಟವಾಗಿ 18 ಮಂದಿ ಸತ್ತರು. 1970ರಿಂದ ಅಲ್ಲಿಗೆ ಯಾರೂ ಇಳಿಯುವುದಿಲ್ಲ. ನೀರು ಬಿಟ್ಟು ಉಪ್ಪನ್ನು ಕರಗಿಸಿ ಮೇಲೆತ್ತಿ, ಕೊಳಗಳಲ್ಲಿ ಒಣಗಿಸುತ್ತಾರೆ. ಬಿಸಿಲು ಬೇಗ ಹೀರಲೆಂದು ನೀಲಿ ಬಣ್ಣ ಬೆರೆಸುವುದರಿಂದ, ಡೆಡ್ ಹಾರ್ಸ್ ಪಾಯಿಂಟ್ ಎಂಬ ಬಂಡೆಯ ತುದಿಯಿಂದ ನೋಡಿದರೆ ಕೆಂಪು ಕಣಿವೆಯ ನಡುವೆ ಕೊಳಗಳು ಕಣ್ಣು ಕುಕ್ಕುತ್ತವೆ. ಪ್ರವಾಸಿಗರು ಅವನ್ನು ಸರೋವರವೆಂದುಕೊಂಡು ಫೋಟೊ ತೆಗೆಯುತ್ತಾರೆ. ಉತ್ತರಕ್ಕೆ ಹೆದ್ದಾರಿಯ ಬದಿಯಲ್ಲಿರುವ ಡಾಲ್ಟನ್ ವೆಲ್ಸ್ ಬಳಿ ನಿಲ್ಲುವವರು ಇನ್ನೂ ಕಡಿಮೆ. 1943ರ ಜನವರಿಯಿಂದ ಏಪ್ರಿಲ್‌ವರೆಗೆ, ಎರಡನೇ ಮಹಾಯುದ್ಧದ ಬಂಧನ ಶಿಬಿರಗಳಲ್ಲಿ 'ತಂಟೆಕೋರರು' ಎನಿಸಿಕೊಂಡ ಜಪಾನೀ ಮೂಲದ ಅಮೆರಿಕನ್ನರನ್ನು, ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ, ವಿಚಾರಣೆಯಿಲ್ಲದೆ ಇಲ್ಲಿ ಕೂಡಿಹಾಕಿದ್ದರು.

1984ರಲ್ಲಿ ಯುರೇನಿಯಂ ಮಿಲ್ಲು ಮುಚ್ಚಿತು. ಮನೆಗಳು ಮಾರಾಟಕ್ಕೆ ಬಂದವು, ಕೊಳ್ಳುವವರಿಲ್ಲ. ಊರು ಮತ್ತೆ ಎದ್ದದ್ದು ಹೇಗೆ ಎಂದು ಕೇಳಿದರೆ ಎಲ್ಲರೂ ಸೈಕಲ್ ಎನ್ನುತ್ತಾರೆ. ಮೋಟಾರ್‌ಸೈಕಲ್ ಹುಚ್ಚಿನವರಿಗೆಂದು 1969ರಲ್ಲಿ ಬೋಳು ಮರಳುಗಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಗುರುತು ಹಾಕಿದ್ದ ಸ್ಲಿಕ್‌ರಾಕ್ ಹಾದಿ, ಗುಡ್ಡ ಹತ್ತುವ ಹೊಸ ಸೈಕಲ್‌ಗಳಿಗೆ ಹೇಳಿ ಮಾಡಿಸಿದಂತಿತ್ತು. ಕುದುರೆ ಲಾಳ ಜಾರುವ ಕಲ್ಲನ್ನು ರಬ್ಬರ್ ಚಕ್ರ ಬಿಗಿಯಾಗಿ ಕಚ್ಚುತ್ತದೆ. ಆದರೆ ನನ್ನ ಮಟ್ಟಿಗೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾನ್ಯನ್‌ಲ್ಯಾಂಡ್ಸಿನಲ್ಲಿ ಈಗ ಪರವಾನಗಿಗಾಗಿ ಜನ ಮುಗಿಬೀಳುವ, ಸುಮಾರು 160 ಕಿಲೋಮೀಟರಿನ ವೈಟ್ ರಿಮ್ ರಸ್ತೆಯನ್ನು 1950ರ ದಶಕದಲ್ಲಿ ಮಾಡಿಸಿದ್ದು ಅಣುಶಕ್ತಿ ಆಯೋಗ. ಅದಿರಿನ ಲಾರಿಗಳಿಗೆ! ಸುತ್ತಲ ಎಷ್ಟೋ ಜೀಪು ದಾರಿಗಳು ಗಣಿಗಾರರು ಬುಲ್‌ಡೋಜರ್ ಓಡಿಸಿ ಬಿಟ್ಟುಹೋದವು. ಆರ್ಚಸ್ ನೋಡಿಕೊಳ್ಳುತ್ತಿದ್ದ ಅಧಿಕಾರಿ ಬೇಟ್ಸ್ ವಿಲ್ಸನ್ ಅಂಥ ಹಾದಿಗಳಲ್ಲೇ ಜೀಪಿನಲ್ಲಿ ದೊಡ್ಡವರನ್ನು ಕೂರಿಸಿಕೊಂಡು ಸುತ್ತಿಸಿದ. 1964ರ ಸೆಪ್ಟೆಂಬರಿನಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನವಾಯಿತು. ಪ್ರವಾಸೋದ್ಯಮ ಗಣಿಯನ್ನು ಸೋಲಿಸಿತು ಎಂಬ ಮಾತು ಇಲ್ಲಿ ಬಹಳ ಚಾಲ್ತಿಯಲ್ಲಿದೆ. ಗಣಿ ಹಾಕಿಕೊಟ್ಟ ದಾರಿಯ ಮೇಲೇ ಅದು ಇಂದಿಗೂ ಗಾಡಿ ಓಡಿಸುತ್ತಿದೆ.

1956 ಮತ್ತು 57ರಲ್ಲಿ ಆರ್ಚಸ್‌ನಲ್ಲಿ ಋತುಮಾನದ ಕಾವಲುಗಾರನಾಗಿದ್ದ ಎಡ್ವರ್ಡ್ ಆಬಿ, ಉದ್ಯಾನಕ್ಕೆ ಟಾರು ರಸ್ತೆ ಬಂದರೆ ಕಾರುಗಳು ಅದನ್ನು ತಿಂದುಹಾಕುತ್ತವೆ ಎಂದು 1968ರ 'ಡೆಸರ್ಟ್ ಸಾಲಿಟೇರ್' ಪುಸ್ತಕದಲ್ಲಿ ಹರಿಹಾಯ್ದಿದ್ದ. ರಸ್ತೆ ಬಂತು. 2021ರಲ್ಲಿ ಆರ್ಚಸ್‌ಗೆ 18 ಲಕ್ಷ ಭೇಟಿಗಳಾದವು. ಬೆಳಿಗ್ಗೆಯೇ ಗೇಟು ಮುಚ್ಚುವ ಸ್ಥಿತಿ ಬಂದು, ಮರುವರ್ಷ ಗಂಟೆ ಗೊತ್ತುಮಾಡಿ ಒಳಬಿಡತೊಡಗಿದರು. ಊರಿನ ಜನಸಂಖ್ಯೆಯೋ ಐದೂವರೆ ಸಾವಿರಕ್ಕಿಂತ ಕಡಿಮೆ. ಇಷ್ಟು ಅತಿಥಿಗಳಿಗೆ ಹಾಸಿಗೆ ಹಾಸುವ, ತಟ್ಟೆ ತೊಳೆಯುವ ಹುಡುಗ ಹುಡುಗಿಯರು ಮರುಭೂಮಿಯಲ್ಲಿ ವ್ಯಾನು ನಿಲ್ಲಿಸಿಕೊಂಡು ಅದರಲ್ಲೇ ಮಲಗುತ್ತಾರೆ. ಮನೆಗಳನ್ನು ಹೊರಗಿನವರು ರಜೆಗೆಂದು ಕೊಂಡಿಟ್ಟಿದ್ದಾರೆ.

ಇಲ್ಲಿ ಉಳಿಯಬೇಕೆನ್ನುವವರಿಗೆ ನನ್ನದೊಂದು ಸಲಹೆ: ಜುಲೈ ಬೇಡ, 40 ಡಿಗ್ರಿಯ ಬಿಸಿಲು ಕಲ್ಲಿಗೆ ಬಡಿದು ಮುಖಕ್ಕೆ ರಾಚುತ್ತದೆ. ಆಗಸ್ಟಿನ ಮಳೆ ಹಳ್ಳಗಳನ್ನು ಗಳಿಗೆಯಲ್ಲಿ ಉಕ್ಕಿಸುತ್ತದೆ. 2022ರಲ್ಲಿ ನೀರು ಪೇಟೆಬೀದಿಗೇ ನುಗ್ಗಿತ್ತು. ಅಕ್ಟೋಬರ್ ಉತ್ತಮ. ಹಳ್ಳದ ಬದಿಯ ಕಾಟನ್‌ವುಡ್ ಮರಗಳು ಹಳದಿಯಾಗಿ, ಲಾ ಸಾಲ್ ಬೆಟ್ಟಗಳ ನೆತ್ತಿಗೆ ಹಿಮ ಬೀಳುತ್ತದೆ. ನಡೆಯುವಾಗ ಮಾತ್ರ ಕಪ್ಪು ಹೊಪ್ಪಳೆಗಟ್ಟಿದ ಮಣ್ಣನ್ನು ತುಳಿಯಬೇಡಿ. ಅದು ಸೂಕ್ಷ್ಮಜೀವಿಗಳು ಹೆಣೆದ ಪದರ, ಮರಳನ್ನು ಗಾಳಿಗೆ ಹಾರದಂತೆ ಹಿಡಿದಿಟ್ಟಿರುವುದೇ ಅದು. ಒಂದು ಹೆಜ್ಜೆಗುರುತು ಮಾಯಲು ವರ್ಷಗಟ್ಟಲೆ ಬೇಕು.

ಆರ್ಚಸ್ ಬಾಗಿಲಿಗೆ ಕೂಗಳತೆಯಲ್ಲಿ, ನದಿಯ ಅಂಚಿಗೆ, ಮಿಲ್ಲು ಬಿಟ್ಟುಹೋದ ವಿಕಿರಣಯುಕ್ತ ತ್ಯಾಜ್ಯ 130 ಎಕರೆ ಹರಡಿಕೊಂಡಿತ್ತು. 1 ಕೋಟಿ 60 ಲಕ್ಷ ಟನ್. ಅಮೋನಿಯಾ ನದಿಗೆ ಒಸರುತ್ತಿತ್ತು, ಕೆಳಗಿನ ರಾಜ್ಯಗಳ ಕೋಟ್ಯಂತರ ಜನ ಕುಡಿಯುವುದು ಅದೇ ನೀರು. ಕೊನೆಗೆ ಸರ್ಕಾರವೇ ಹೊಣೆ ಹೊತ್ತು, 2009ರಿಂದ ರೈಲಿನಲ್ಲಿ ಡಬ್ಬಿ ತುಂಬಿ 48 ಕಿಲೋಮೀಟರ್ ಉತ್ತರದ ಕ್ರೆಸೆಂಟ್ ಜಂಕ್ಷನ್‌ಗೆ ಸಾಗಿಸಿ ಹೂಳತೊಡಗಿತು. ತೆರವಾಗುವ ಜಾಗ ಏನಾಗಬೇಕೆಂದು ಯೋಚಿಸಲು ಊರಿನದೇ ಒಂದು ಸಮಿತಿಯಿದೆ. ಬಯಲು ಉದ್ಯಾನ ಬೇಕೆನ್ನುವವರಿದ್ದಾರೆ, ಪ್ರಯಾಣಿಕರ ರೈಲು ಬರಲಿ ಎನ್ನುವವರಿದ್ದಾರೆ. ತ್ಯಾಜ್ಯ ಹೊತ್ತ ಹಳಿ ಮೊದಲು ಪೊಟ್ಯಾಶ್ ಗಣಿಗೆಂದು ಹಾಕಿದ್ದು. ಹಳಿ ಹೇಗೂ ಇದೆಯಲ್ಲ, ಬೋಗಿ ಬದಲಾಯಿಸಿದರಾಯಿತು ಎನ್ನುತ್ತಾರೆ.