ಗೋಣಿಯ ಅಳತೆ

ಪಾಣಿನಿಯ ವ್ಯಾಕರಣದಲ್ಲಿ ಗೋಣಿಗೆಂದೇ ಒಂದು ಪುಟ್ಟ ಸೂತ್ರವಿದೆ. ಕೆಲವು ಸಮಾಸಗಳಲ್ಲಿ ಗೋಣೀ ಪದದ ಕೊನೆಯ ದೀರ್ಘ ಹ್ರಸ್ವವಾಗುತ್ತದೆ ಎನ್ನುವುದು ಅದರ ತಾತ್ಪರ್ಯ. ವ್ಯಾಖ್ಯಾನಕಾರರು ಕೊಡುವ ಉದಾಹರಣೆ ‘ಪಂಚಗೋಣಿ’, ಅಂದರೆ ಐದು ಗೋಣಿ ಕೊಟ್ಟು ಕೊಂಡ ಬಟ್ಟೆ. ನನಗೆ ವ್ಯಾಕರಣಕ್ಕಿಂತ ಆ ಉದಾಹರಣೆಯೇ ಹಿಡಿಸಿತು. ಅಷ್ಟು ಹಿಂದೆಯೇ ಗೋಣಿ ಎಂದರೆ ಕಾಳು ತುಂಬುವ ಚೀಲವಷ್ಟೇ ಆಗಿರಲಿಲ್ಲ, ಅಳತೆಯೂ ಆಗಿತ್ತು, ಬೆಲೆಯೂ ಆಗಿತ್ತು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಸುಗ್ಗಿ ಮುಗಿದ ಮೇಲೆ ಕೇಳುವ ಪ್ರಶ್ನೆ ‘ಈ ಸಲ ಎಷ್ಟು ಚೀಲ ಆಯ್ತು?’ ಎಂದೇ. ಎಷ್ಟು ಕಿಲೋ ಎಂದು ಯಾರೂ ಕೇಳುವುದಿಲ್ಲ.

ಚೀಲವೇ ಅಳತೆಯಾದರೆ, ಆ ಚೀಲ ಎಷ್ಟು ದೊಡ್ಡದಿರಬೇಕು ಎಂದು ಗೊತ್ತುಮಾಡುವವರು ಯಾರು? ಇತಿಹಾಸದ ಪುಸ್ತಕಗಳಲ್ಲಿ ಧಾನ್ಯವಿದೆ, ತೆರಿಗೆಯಿದೆ, ಬರವಿದೆ. ಚೀಲ ಮಾತ್ರ ಎಲ್ಲೋ ಮೂಲೆಯಲ್ಲಿ ಒರಗಿಕೊಂಡಿರುತ್ತದೆ. ಅದನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡೋಣ ಅನ್ನಿಸಿತು.

ಹಿಂದೆ ಮನೆಯ ಕಾಳು ಚೀಲದಲ್ಲಿ ಇರುತ್ತಿರಲಿಲ್ಲ. ಕಣಜದಲ್ಲಿ, ವಾಡೆಯಲ್ಲಿ, ನೆಲದೊಳಗಿನ ಹಗೇವಿನಲ್ಲಿ ಇರುತ್ತಿತ್ತು. ಹಗೇವಿಗೆ ಹಾಕಿದ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬಾಯಿ ತೆರೆದೊಡನೆ ಒಳಗೆ ಇಳಿಯುವಂತೆಯೂ ಇರಲಿಲ್ಲ, ಒಳಗಿನ ವಿಷಗಾಳಿಗೆ ಜೀವ ಹೋದವರ ಕತೆಗಳು ಬಯಲುಸೀಮೆಯ ಎಷ್ಟೋ ಊರುಗಳಲ್ಲಿವೆ. ಕಾಳು ಊರು ಬಿಟ್ಟು ಹೊರಟಾಗ ಮಾತ್ರ ಗೋಣಿ ಬೇಕಾಗುತ್ತಿತ್ತು. ಹಗೇವು ಉಳಿಯುವವರದು, ಗೋಣಿ ಹೊರಡುವವರದು. ತುಳುನಾಡಿನಲ್ಲಿ ಗೋಣಿಯ ಬದಲು ಮುಡಿ ಇತ್ತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ, ಮೇಲೆ ಹುಲ್ಲಿನ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ ಉಂಡೆ ಮಾಡುತ್ತಿದ್ದರು. ಹುಳ ಬೀಳುತ್ತಿರಲಿಲ್ಲ, ನೋಡಲೂ ಚೆಂದ. ಆದರೆ ಧಣಿಗೆ ಕೊಡಬೇಕಾದ ಗೇಣಿಯ ಲೆಕ್ಕವೂ ಮುಡಿಯಲ್ಲೇ ಇತ್ತು ಎನ್ನುವುದನ್ನು ನೆನೆದರೆ ಆ ಚೆಂದದ ಉಂಡೆ ಬೇರೆಯೇ ಆಗಿ ಕಾಣುತ್ತದೆ.

ಗೋಣಿಯ ಮೊದಲ ಅಳತೆ ಎತ್ತಿನ ಬೆನ್ನು. ಎತ್ತಿನ ಮೇಲೆ ಹೇರುವ ಗೋಣಿ ಎರಡೂ ಪಕ್ಕಕ್ಕೆ ಸಮನಾಗಿ ಇಳಿಬೀಳಬೇಕು. ಒಂದು ಕಡೆ ನಾಲ್ಕು ಸೇರು ಹೆಚ್ಚಾದರೂ ಸಂಜೆಯೊಳಗೆ ಬೆನ್ನು ಹುಣ್ಣಾಗುತ್ತದೆ, ಮರುದಿನ ಎತ್ತು ಏಳುವುದಿಲ್ಲ. ಶಾಸನಗಳಲ್ಲಿ ವ್ಯಾಪಾರಿಗಳ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳಿರುವುದಕ್ಕೆ ಇದೇ ಕಾರಣವಿರಬೇಕು. ಎತ್ತು ಹೊರುವಷ್ಟು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಅಳತೆ, ಅದರಲ್ಲಿ ಮೋಸ ಮಾಡಿದರೆ ಎತ್ತೇ ಹೇಳಿಬಿಡುತ್ತಿತ್ತು.

ಈ ಕೆಲಸದಲ್ಲಿ ಲಂಬಾಣಿಗಳನ್ನು ಮೀರಿಸಿದವರಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ, ಹತ್ತು ಹನ್ನೆರಡು ಸಾವಿರ ಎತ್ತುಗಳ ತಾಂಡಾಗಳು ಅಕ್ಕಿ, ಕಾಳು, ಉಪ್ಪು ಹೊತ್ತು ಸಾಗುವುದನ್ನು ಬರೆದಿದ್ದಾನೆ. ದಾರಿಯಲ್ಲಿ ಅವು ಎದುರಾದರೆ ದಾಟಿಹೋಗಲು ಪ್ರಯಾಣಿಕರು ದಿನಗಟ್ಟಲೆ ಕಾಯಬೇಕಿತ್ತಂತೆ. ಯುದ್ಧಗಳನ್ನು ಕತ್ತಿಯಿಂದ ಗೆದ್ದರು ಎಂದು ನಾವು ಶಾಲೆಯಲ್ಲಿ ಓದುತ್ತೇವೆ, ಗೋಣಿಯ ಪಾಲನ್ನು ಯಾರೂ ಹೇಳುವುದಿಲ್ಲ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಬಾಗಿಲ ತನಕ ಬಂದು ಹಿಂದಿರುಗಿತು. ಎತ್ತುಗಳು ರೋಗಕ್ಕೂ ಹಸಿವಿಗೂ ಸಾಲುಸಾಲಾಗಿ ಸತ್ತಿದ್ದವು, ಎಳೆಯಲು ಗತಿಯಿಲ್ಲದ ದೊಡ್ಡ ತೋಪುಗಳನ್ನು ಅವನೇ ಒಡೆಸಿಹಾಕಿದ. ಮರುವರ್ಷ ಅವನು ತಿರುಗಿ ಬಂದದ್ದು ಲಂಬಾಣಿಗಳ ಎತ್ತು ಮತ್ತು ಧಾನ್ಯವನ್ನು ಗೊತ್ತುಮಾಡಿಕೊಂಡ ಮೇಲೆ. ಟಿಪ್ಪು ಸೋತ ಆ ಯುದ್ಧದಲ್ಲಿ ಗೋಣಿಗಳಿಗೂ ಒಂದು ಪಾತ್ರವಿತ್ತು.

ಆ ಗೋಣಿಗಳನ್ನು ನೇಯುತ್ತಿದ್ದವರು ಯಾರು? ಟಿಪ್ಪುವಿನ ನಂತರ, 1800-01ರಲ್ಲಿ, ಈ ಸೀಮೆಯನ್ನೆಲ್ಲ ತಿರುಗಿ ಕಂಡದ್ದನ್ನೆಲ್ಲ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ ಗೋಣಿ ನೇಯುವವರನ್ನೂ ಅವರು ಬೆಳೆಯುತ್ತಿದ್ದ ನಾರಿನ ಗಿಡವನ್ನೂ ಬಿಡದೆ ದಾಖಲಿಸಿದ್ದಾನೆ. ಗೋಣಿಗರು ಎಂಬುದು ಒಂದು ಜಾತಿಯ ಹೆಸರೇ ಆಗಿತ್ತು. ಈಗ ಸೆಣಬು ಎಂದರೆ ನಮಗೆ ಬಂಗಾಳದ ಸೆಣಬು. ಅವರದು ಬೇರೆ ಗಿಡ, ಇವತ್ತು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಹಳದಿ ಹೂವಿನ ಸೆಣಬು. ಉತ್ತರ ಕರ್ನಾಟಕದ ಕಡೆ ಪುಂಡಿಯ ನಾರೂ ಬಳಕೆಯಲ್ಲಿತ್ತು. ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ. ರೊಟ್ಟಿಯ ಜೊತೆ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುವಾಗ ಈ ನಂಟು ಎಷ್ಟು ಜನಕ್ಕೆ ನೆನಪಾಗುತ್ತದೋ.

1855ರಲ್ಲಿ ಕಲ್ಕತ್ತೆಯ ಹತ್ತಿರದ ರಿಶ್ರಾದಲ್ಲಿ ಸೆಣಬಿನ ನೂಲು ತೆಗೆಯುವ ಯಂತ್ರ ನಿಂತಿತು. ನಾಲ್ಕೈದು ವರ್ಷಗಳಲ್ಲಿ ಯಂತ್ರದ ಮಗ್ಗವೂ ಬಂತು. ಆಮೇಲೆ ಹೂಗ್ಲಿ ನದಿಯ ದಂಡೆಯ ಗಿರಣಿಗಳ ಗೋಣಿ ಜಗತ್ತನ್ನೆಲ್ಲ ಸುತ್ತಿತು, ಅಮೆರಿಕದ ಗೋಧಿಗೂ ಬ್ರೆಜಿಲ್ಲಿನ ಕಾಫಿಗೂ ಯುದ್ಧಭೂಮಿಯ ಮರಳಿಗೂ ಅದೇ ಚೀಲ. ಗೋಣಿ ಎಂಬ ಪದ ಅಷ್ಟರಲ್ಲಾಗಲೇ ಇಂಗ್ಲಿಷಿಗೆ ಹೋಗಿ ‘ಗನ್ನಿ’ ಆಗಿತ್ತು. ಈಗ ನಾವು ಅದನ್ನೇ ಮತ್ತೆ ತಂದು ‘ಗನ್ನಿ ಬ್ಯಾಗ್’ ಎನ್ನುತ್ತಿದ್ದೇವೆ. ಗೋಣಿಗರ ಮಗ್ಗಗಳು ಯಾವಾಗ ನಿಂತವು ಎಂದು ಯಾರೂ ಬರೆದಿಟ್ಟ ಹಾಗಿಲ್ಲ. ಗಿರಣಿಯ ಚೀಲ ಅಗ್ಗ, ಒಂದೇ ಅಳತೆ, ಅಡುಕಿಟ್ಟರೆ ಗೋಡೆಯಂತೆ ನಿಲ್ಲುತ್ತದೆ. ಅದಕ್ಕೆ ಎತ್ತಿನ ಬೆನ್ನಿನ ಹಂಗಿಲ್ಲ, ರೈಲಿನ ಡಬ್ಬಿ ತುಂಬಿದರೆ ಸಾಕು.

ಆ ಗೋಡೆಯಂತಹ ಅಡುಕು ಎಂಥದು ಎಂದು 1876-78ರ ಧಾತು ಈಶ್ವರದ ಬರದಲ್ಲಿ ತಿಳಿಯಿತು. ಮದರಾಸಿನ ಕಡಲತೀರದಲ್ಲಿ ಹಡಗಿನಿಂದ ಇಳಿಸಿದ ಧಾನ್ಯದ ಚೀಲಗಳು ಗುಡ್ಡಗಳಾಗಿ ಬಿದ್ದಿದ್ದವು. ಬಳ್ಳಾರಿಯಲ್ಲಿ, ಕೋಲಾರದಲ್ಲಿ, ತುಮಕೂರಿನಲ್ಲಿ ಜನ ಸಾಯುತ್ತಿದ್ದರು. ಮೈಸೂರು ಸಂಸ್ಥಾನಕ್ಕೆ ರೈಲು ಆಗ ಬೆಂಗಳೂರಿನವರೆಗೆ ಮಾತ್ರ. ಅಲ್ಲಿಂದಾಚೆ ಚೀಲ ಸಾಗಿಸಲು ಎತ್ತೇ ಬೇಕು, ಎತ್ತುಗಳು ಮೇವಿಲ್ಲದೆ ಮನುಷ್ಯರಿಗಿಂತ ಮೊದಲೇ ಸತ್ತಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆ. ಹಳೆಯ ಹಗೇವುಗಳು ಅಷ್ಟು ಹೊತ್ತಿಗೆ ಎಷ್ಟು ಬರಿದಾಗಿದ್ದವು, ಕಂದಾಯ ಕಟ್ಟಲೆಂದು ಎಷ್ಟು ಕಾಳು ಗೋಣಿ ಸೇರಿ ಊರು ಬಿಟ್ಟಿತ್ತು ಎನ್ನುವುದನ್ನು ಪ್ರತಿ ಊರಿಗೂ ಲೆಕ್ಕ ಹಾಕುವುದು ಕಷ್ಟ. ಆದರೆ ಬರೀ ಮಳೆ ಬಾರದೆ ಇಷ್ಟು ಜನ ಸತ್ತರು ಎಂಬ ವಿವರಣೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಅದೇ ಬರದಲ್ಲಿ ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊತ್ತವನ ಕೂಲಿಯನ್ನು ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ಅರ್ಧ ಕಿಲೋಗೂ ಕಡಿಮೆ. ಚೀಲಕ್ಕೆ ಒಂದು ಅಳತೆ ಸಿಕ್ಕ ಕಾಲದಲ್ಲೇ ಹೊಟ್ಟೆಗೂ ಒಂದು ಅಳತೆ ಸಿಕ್ಕಿತು.

ಬರ ಮುಗಿಯಿತು, ರೈಲು ಒಳನಾಡಿಗೆ ಬಂತು, ಲಂಬಾಣಿಗಳ ಎತ್ತುಗಳು ಕೆಲಸ ಕಳೆದುಕೊಂಡವು. ರೈಲಿನಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಚೀಲ ದಾಟಿಸಲು ಮಾತ್ರ ಯಂತ್ರ ಬರಲಿಲ್ಲ. ಎತ್ತಿನ ಜಾಗಕ್ಕೆ ಹಮಾಲರು ಬಂದರು.

ನನ್ನ ಅಪ್ಪ ದಾವಣಗೆರೆಯಲ್ಲಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ರಜೆಯಲ್ಲಿ ಅವರಿಗೆ ಬುತ್ತಿ ಕೊಡಲು ಹೋದವನು ಮಧ್ಯಾಹ್ನವಿಡೀ ಅಲ್ಲೇ ಕೂರುತ್ತಿದ್ದೆ. ಇಬ್ಬರು ಚೀಲವನ್ನು ತೂಗಿ ಎತ್ತಿ ಮೂರನೆಯವನ ಬೆನ್ನಿಗೆ ಕೊಡುವರು. ಅವನು ಕತ್ತು ಬಗ್ಗಿಸಿ, ಎರಡೂ ಕೈ ಹಿಂದಕ್ಕೆ ಚಾಚಿ ಚೀಲದ ಕಿವಿ ಹಿಡಿದು, ಹಲಗೆಯ ಮೇಲೆ ಓಡುನಡಿಗೆಯಲ್ಲಿ ಲಾರಿ ಹತ್ತುವನು. ಆಗಿನ್ನೂ ಚೀಲವೆಂದರೆ ಹೆಚ್ಚಾಗಿ ನೂರು ಕಿಲೋ. ಹೊರುವವನ ತೂಕ ಐವತ್ತೈದು ಅರವತ್ತು ಇದ್ದೀತು. ನಾವು ಮಾಮ ಎಂದು ಕರೆಯುತ್ತಿದ್ದ ಹಿರಿಯ ಹಮಾಲರೊಬ್ಬರನ್ನು ‘ಹೊರಾದು ಕಷ್ಟ ಅಲ್ವಾ ಮಾಮ?’ ಎಂದು ಕೇಳಿದ್ದೆ.

‘ಹೊರಾದು ಏನೂ ಅಲ್ಲಪ್ಪ. ಇಳಸಾದು ಐತಲ್ಲ, ಅದು. ಹೊರುವಾಗ ಇಬ್ರು ಇರ್ತಾರೆ, ಇಳಸುವಾಗ ಒಬ್ನೇ’ ಎಂದಿದ್ದರು.

ಚೀಲದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಶೇಂಗಾ ಚೀಲ ಉಬ್ಬಿದ್ದರೂ ಹಗುರ. ಅಕ್ಕಿಯ ಚೀಲ ಸಣ್ಣದಾಗಿ ಕಂಡರೂ ಬೆನ್ನಿಗೆ ಕಲ್ಲು. ಬೆಲ್ಲದ ಚೀಲ ಬೇಸಿಗೆಯಲ್ಲಿ ಒಸರಿ ಕುತ್ತಿಗೆಗೆ ಅಂಟುತ್ತದೆ, ಒಣಮೆಣಸಿನಕಾಯಿಯದು ಬೆವರಿನ ಜೊತೆ ಸೇರಿ ಉರಿಯುತ್ತದೆ. ಪ್ಲಾಸ್ಟಿಕ್ಕಿನ ಚೀಲ ಬಂದಾಗ ಅವರು ಬಯ್ದದ್ದು ಪರಿಸರದ ಕಾರಣಕ್ಕಲ್ಲ. ಅದು ಬೆವರಿದ ಬೆನ್ನಿನಿಂದ ಜಾರುತ್ತದೆ, ಕೊಕ್ಕೆ ಹಾಕಿದರೆ ಹರಿಯುತ್ತದೆ, ಅಡುಕಿಟ್ಟರೆ ಒಂದರ ಮೇಲೊಂದು ನಿಲ್ಲುವುದಿಲ್ಲ. ಗೋಣಿಯಾದರೆ ಬೆನ್ನನ್ನು ಹಿಡಿದುಕೊಳ್ಳುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ, ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದು ಎಂದು ಶಿಫಾರಸು ಮಾಡಿತು. ಇವತ್ತು ಪಡಿತರದ ಅಕ್ಕಿ 50 ಕಿಲೋ ಚೀಲದಲ್ಲಿ ಬರುತ್ತದೆ, ಸಿಮೆಂಟೂ ಅಷ್ಟೇ. ಚೀಲಕ್ಕೆ ಮನುಷ್ಯನ ಬೆನ್ನಿನ ಅಳತೆ ದಕ್ಕಲು ಇಷ್ಟು ಕಾಲ ಬೇಕಾಯಿತು. ಅದೂ ಎಲ್ಲ ಕಡೆ ದಕ್ಕಿಲ್ಲ. ಗಂಗಾವತಿ, ರಾಯಚೂರಿನ ಕಡೆ ಭತ್ತದ ದರವನ್ನು ಈಗಲೂ 75 ಕಿಲೋ ಚೀಲಕ್ಕೆ ಹೇಳುತ್ತಾರೆ. ಸರ್ಕಾರದ ಬೆಂಬಲ ಬೆಲೆ ಇರುವುದು ಕ್ವಿಂಟಾಲಿಗೆ. ರೈತ ಮನಸ್ಸಿನಲ್ಲೇ ಮುಕ್ಕಾಲು ಮಾಡಿ ನೋಡಬೇಕು, ಅದರಲ್ಲಿ ಚೀಲದ ತೂಕ, ಧೂಳು, ತೇವ ಎಂದು ಕಳೆಯುವ ಒಂದೆರಡು ಕಿಲೋವನ್ನೂ ನೆನಪಿಟ್ಟುಕೊಳ್ಳಬೇಕು. ಸೇರು, ಪಲ್ಲ, ಖಂಡುಗಗಳನ್ನು 1956ರ ಕಾಯ್ದೆ ಬದಿಗೆ ಸರಿಸಿತು. ಚೀಲವನ್ನು ಸರಿಸಲು ಅದರ ಕೈಯಲ್ಲಿ ಆಗಲಿಲ್ಲ.

ಅಡುಗೆಮನೆಯ ಚೀಲಗಳದ್ದು ಬೇರೆ ಲೋಕ. ನನ್ನ ಅಜ್ಜಿಯ ಮನೆಯಲ್ಲಿ ಹೆಸರುಕಾಳು, ಮಡಕೆಕಾಳು ಮೊಳಕೆ ಬರಿಸಲು ಹಳೆಯ ಪಂಚೆಯ ತುಂಡೊಂದಿತ್ತು. ನೆನೆದ ಕಾಳನ್ನು ಅದರಲ್ಲಿ ಕಟ್ಟಿ ಮೇಲೆ ಭಾರ ಹೇರಿ ಇಡುತ್ತಿದ್ದಳು, ಬೆಳಗಾಗುವಷ್ಟರಲ್ಲಿ ಮೊಳಕೆ ಬಟ್ಟೆಯನ್ನು ತೂರಿ ಹೊರಗೆ ಬಂದಿರುತ್ತಿತ್ತು. ಮಕ್ಕಳಿಗೆ ಮಾಡುವ ರಾಗಿ ಸರಿಯ ಮೊದಲ ಹೆಜ್ಜೆಯೂ ಹಾಗೆ ಕಟ್ಟಿದ ಗಂಟೇ. ಶ್ರೀಖಂಡಕ್ಕೆ ಮೊಸರು ಕಟ್ಟಿ ಗೂಟಕ್ಕೆ ತೂಗುಹಾಕುವ ಬಟ್ಟೆಯನ್ನು ಬೇರೆ ಇಟ್ಟಿದ್ದಳು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಎಲೆ ಅಡಿಕೆಗೆ ಸಂಚಿ, ಹೊಲಕ್ಕೆ ರೊಟ್ಟಿಬುತ್ತಿಯ ಗಂಟು, ಸಂತೆಗೆ ಹೆಗಲ ಹಿಂದೆ ಮುಂದೆ ತೂಗುವ ಹಸುಬೆ. ಈ ಯಾವುದಕ್ಕೂ ಅಳತೆಪಟ್ಟಿ ಇರಲಿಲ್ಲ. ಉಣ್ಣುವವರು ಎಷ್ಟು ಜನವೋ ಗಂಟು ಅಷ್ಟು ದೊಡ್ಡದು.

ಇಂಥ ಅಳತೆಯನ್ನು ಕುರಿತು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕತೆ ಆಯ್ದಕ್ಕಿ ಲಕ್ಕಮ್ಮನದು. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅವಳು ಹೆಚ್ಚಿನದನ್ನು ವಾಪಸು ಸುರಿದು ಬಾ ಎಂದು ಕಳಿಸಿದಳು. ಇದನ್ನು ಭಕ್ತಿಯ ಕತೆ ಎಂದು ಹೇಳುತ್ತಾರೆ. ಗಂಟು ನೋಡಿದೊಡನೆ ಅದರ ತೂಕ ತಿಳಿದ ಹೆಂಗಸಿನ ಕತೆಯಾಗಿಯೂ ನಾನು ಅದನ್ನು ಓದುತ್ತೇನೆ.

ಖಾಲಿಯಾದ ಗೋಣಿಯನ್ನು ಎಸೆದವರನ್ನು ನಾನು ಚಿಕ್ಕಂದಿನಲ್ಲಿ ನೋಡಲಿಲ್ಲ. ದಬ್ಬಣದಿಂದ ಹೊಲಿದರೆ ಕಾಳು ಒಣಹಾಕುವ ಗೋಣಿತಟ್ಟು, ಮೂಲೆಗೆ ಮೂಲೆ ಸೇರಿಸಿ ಮಡಿಸಿದರೆ ಮಳೆಗೆ ಕೊಪ್ಪೆ, ಕೊನೆಗೆ ಬಾಗಿಲಲ್ಲಿ ಕಾಲೊರಸು. ಆಮೇಲೆ ಯೂರಿಯಾ ಚೀಲ ಬಂತು, ಕೊಪ್ಪೆಯ ಕೆಲಸವನ್ನು ಅದೇ ವಹಿಸಿಕೊಂಡಿತು. ಸೆಣಬಿನ ಗಿರಣಿಗಳನ್ನು ಉಳಿಸಲು 1987ರಲ್ಲಿ ಧಾನ್ಯ, ಸಕ್ಕರೆಗಳನ್ನು ಸೆಣಬಿನ ಚೀಲದಲ್ಲೇ ತುಂಬಬೇಕೆಂಬ ಕೇಂದ್ರ ಕಾಯ್ದೆ ಬಂತು. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ನಿಷೇಧ ಸಂತೆಯಲ್ಲಿ ಎಷ್ಟು ನಡೆಯುತ್ತಿದೆ ಎಂದು ಸೊಪ್ಪು ಕೊಳ್ಳುವ ಎಲ್ಲರಿಗೂ ಗೊತ್ತು.

ಆ ಯೂರಿಯಾ ಚೀಲವೇ 2018ರಲ್ಲಿ 50 ಕಿಲೋದಿಂದ 45ಕ್ಕೆ ಇಳಿಯಿತು. ರೈತರು ಗೊಬ್ಬರವನ್ನು ಎಕರೆಗೆ ಇಷ್ಟು ಚೀಲ ಎಂದೇ ಹಾಕುತ್ತಾರೆ, ಆದ್ದರಿಂದ ಚೀಲ ಕಿರಿದಾದರೆ ಬಳಕೆಯೂ ತಾನಾಗಿ ತಗ್ಗೀತು ಎನ್ನುವುದು ಸರ್ಕಾರದ ಲೆಕ್ಕಾಚಾರ. ಪಾಣಿನಿಗೆ ಗೊತ್ತಿದ್ದದ್ದು ಗೊಬ್ಬರದ ಇಲಾಖೆಗೂ ಗೊತ್ತಿತ್ತು.

ಹೋದ ತಿಂಗಳು ಬೆಂಗಳೂರಿನ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಸೋನಾಮಸೂರಿಯ ಚೀಲ ಕೇಳಿದೆ. ಮೇಲೆ 26 ಕಿಲೋ ಎಂದು ಅಚ್ಚಾಗಿತ್ತು. ಹಿಂದೆಲ್ಲ 25 ಇರುತ್ತಿತ್ತಲ್ಲ ಎಂದೆ. ‘ಇಪ್ಪತ್ತೈದರವರೆಗೆ ಜಿಎಸ್‌ಟಿ ಬೀಳುತ್ತೆ ಸಾರ್, ಇಪ್ಪತ್ತಾರಕ್ಕೆ ಇಲ್ಲ’ ಎಂದ ಅಂಗಡಿಯವ. 2022ರ ಜುಲೈಯಿಂದ, ಹೆಸರು ಅಚ್ಚು ಹಾಕಿ ಕಟ್ಟಿದ 25 ಕಿಲೋವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ. 5ರ ತೆರಿಗೆ ಇದೆ. ಅದನ್ನು ದಾಟಲು ಗಿರಣಿಗಳು ಕಂಡುಕೊಂಡದ್ದು ಒಂದು ಕಿಲೋ ಹೆಚ್ಚಿನ ಚೀಲ. ಅಂಗಡಿಯ ಹುಡುಗ ಅದನ್ನು ಹೆಗಲಿಗೇರಿಸಿಕೊಂಡು ನಮ್ಮ ಮೂರನೆಯ ಮಹಡಿಗೆ ತಂದ. ಲಿಫ್ಟ್ ಕೆಟ್ಟಿತ್ತು. ಬಾಗಿಲಲ್ಲಿ ಅವನು ಕತ್ತು ಬಗ್ಗಿಸಿದಾಗ ಚೀಲದ ಇನ್ನೊಂದು ತುದಿಗೆ ನಾನು ಕೈ ಕೊಟ್ಟೆ.