ಹೀಲಲಿಗೆ ಸ್ಟೇಷನ್ ಸುತ್ತ ‘ಟಿಒಡಿ’ ಅಂದರೇನು? ಅಂಗಡಿಯವರಿಗೆ ಏನು ಲೆಕ್ಕ?

ಆನೇಕಲ್ ತಾಲ್ಲೂಕಿನ ಹೀಲಲಿಗೆಯಿಂದ ರಾಜಾನುಕುಂಟೆವರೆಗಿನ ‘ಕನಕ’, ಬೆಂಗಳೂರು ಉಪನಗರ ರೈಲಿನ 4 ಮಾರ್ಗಗಳಲ್ಲೊಂದು. ಸ್ಟೇಷನ್ ಸುತ್ತಲಿನ 500ರಿಂದ 800 ಮೀಟರ್‌ನಲ್ಲಿ ಮನೆ, ಅಂಗಡಿ, ಕಚೇರಿ ಒತ್ತೊತ್ತಾಗಿರಬೇಕು, ಜನ ನಡೆದೇ ಬರಬೇಕು ಎನ್ನುವುದು ಕೇಂದ್ರದ 2017ರ ಟಿಒಡಿ, ಅಂದರೆ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯ ಆಶಯ.

ಕೆಳಗೆ ಅಂಗಡಿ, ಮೇಲೆ ಮನೆ ಪೇಟೆಬೀದಿಯವರಿಗೆ ಹೊಸದೇನಲ್ಲ. ಬದಲಾಗೋದು ಎಫ್‌ಎಆರ್: ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ. ಅದು ಹೆಚ್ಚಾದರೆ ಜಾಗದ ಬೆಲೆ, ಅದರ ಹಿಂದೆಯೇ ಅಂಗಡಿ ಬಾಡಿಗೆ ಏರುತ್ತೆ. ಸ್ವಂತ ಕಟ್ಟಡದವರಿಗೆ ಲಾಭ. ಬಾಡಿಗೆಯವರು ಕರಾರಿನ ಅವಧಿ ಈಗಲೇ ನೋಡಿಕೊಳ್ಳೋದು ಒಳ್ಳೇದು.

ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆಯನ್ನು ಲಿಖಿತವಾಗಿಯೇ ಕೊಡಬೇಕು, ಬಾಯಿಮಾತು ಲೆಕ್ಕಕ್ಕಿಲ್ಲ. ಫುಟ್‌ಪಾತ್, ಬೀದಿದೀಪ, ಹಳಿ ದಾಟುವ ಮೇಲ್ಸೇತುವೆ ನಕ್ಷೆಯಲ್ಲಿ ಇದೆಯಾ ಅಂತ ಮೊದಲು ನೋಡಿ.