ಒಂದು ಸಾಲು ತಿದ್ದಲು ಅರವತ್ತಾರು ವರ್ಷ

ಸೈನ್ಯ ಬಿಟ್ಟು ಬರುವವರ ಕೈಗೆ ಒಂದು ಬಿಡುಗಡೆ ಪತ್ರ ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮಾಜಿ ಸೈನಿಕರಿರುವ ಮನೆಯವರಿಗೆ ಡಿಸ್ಚಾರ್ಜ್ ಬುಕ್ಕಿನ ಬೆಲೆ ಏನೆಂದು ಹೇಳಬೇಕಾಗಿಲ್ಲ. ಟ್ರಂಕಿನ ತಳದಲ್ಲಿ ಜೋಪಾನವಾಗಿರುವ ಕಾಗದ ಅದು. ಅಮೆರಿಕದಲ್ಲೂ ಈ ಪತ್ರಕ್ಕೆ ಅಷ್ಟೇ ಬೆಲೆ. ಅಲ್ಲಿ ಅದರಲ್ಲಿ ಒಂದು ಸಾಲು ಮುಖ್ಯ: ಈ ಸೈನಿಕನನ್ನು ಯಾವ ಬಗೆಯಲ್ಲಿ ಬಿಡುಗಡೆ ಮಾಡಲಾಗಿದೆ? 'ಗೌರವಯುತ' ಎಂದಿದ್ದರೆ ಬದುಕು ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು ದಾರಿ. ಪಿಂಚಣಿ, ಚಿಕಿತ್ಸೆ, ಓದಿನ ನೆರವು, ಮುಂದಿನ ಕೆಲಸ ಎಲ್ಲವೂ ಆ ಸಾಲಿಗೆ ಅಂಟಿಕೊಂಡಿವೆ.

ಆ ಸಾಲು ತಪ್ಪಾಗಿದ್ದರೆ ತಿದ್ದುವವರು ಯಾರು? ತಪ್ಪಾಗಿದೆ ಎಂದು ಸಾಬೀತು ಮಾಡಬೇಕಾದವರು ಯಾರು? ಈ ಪ್ರಶ್ನೆಗೆ ಅಮೆರಿಕದ ಚರಿತ್ರೆಯಲ್ಲಿ ಬ್ರೌನ್ಸ್‌ವಿಲ್ ಪ್ರಕರಣದಷ್ಟು ಚೆನ್ನಾಗಿ ಉತ್ತರ ಕೊಡುವ ಘಟನೆ ನಮಗೆ ಕಾಣಲಿಲ್ಲ. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ಹತ್ತು ನಿಮಿಷದ ಗುಂಡಿನ ಸದ್ದು

ಬ್ರೌನ್ಸ್‌ವಿಲ್ ಟೆಕ್ಸಾಸ್ ರಾಜ್ಯದ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಊರು. ಊರಿನ ಪಕ್ಕದಲ್ಲೇ ಫೋರ್ಟ್ ಬ್ರೌನ್ ಎಂಬ ಸೇನಾ ಠಾಣೆ. 1906ರ ಜುಲೈ ಕೊನೆಯಲ್ಲಿ 25ನೇ ಪದಾತಿ ದಳದ ಮೂರು ತುಕಡಿಗಳು ನೆಬ್ರಾಸ್ಕಾದ ಫೋರ್ಟ್ ನಯೋಬ್ರಾರಾದಿಂದ ಇಲ್ಲಿಗೆ ಬಂದವು. ಸೈನಿಕರೆಲ್ಲ ಕಪ್ಪು ಜನರು, ಮೇಲಧಿಕಾರಿಗಳು ಬಿಳಿಯರು. ಆಗಿನ ಅಮೆರಿಕದ ಸೈನ್ಯದಲ್ಲಿ ಪದ್ಧತಿಯೇ ಹಾಗಿತ್ತು. ಊರಿನ ಬಿಳಿಯರಿಗೆ ಈ ಸೈನಿಕರು ಬಂದದ್ದೇ ಸಹಿಸಲಿಲ್ಲ. ಜಗಳ, ಬೈಗುಳ, ತಳ್ಳಾಟ ಮೊದಲ ದಿನಗಳಿಂದಲೇ ಶುರುವಾಯಿತು. ಆಗಸ್ಟ್ 12ರಂದು ಒಬ್ಬ ಬಿಳಿ ಮಹಿಳೆಯ ಮೇಲೆ ಸೈನಿಕನೊಬ್ಬ ಕೈ ಮಾಡಿದ ಎಂಬ ಸುದ್ದಿ ಹಬ್ಬಿತು. ಠಾಣೆಯ ಮುಖ್ಯಸ್ಥ ಮೇಜರ್ ಚಾರ್ಲ್ಸ್ ಪೆನ್‌ರೋಸ್ ಮರುದಿನ ಸಂಜೆಯೇ ಎಲ್ಲ ಸೈನಿಕರನ್ನೂ ಒಳಗೆ ಕರೆಸಿಕೊಂಡ.

ಅದೇ 13ರ ನಡುರಾತ್ರಿ ಊರಿನ ಬೀದಿಯಲ್ಲಿ ಗುಂಡು ಹಾರಿದವು. ಸುಮಾರು ಹತ್ತು ನಿಮಿಷ. ಮದ್ಯದಂಗಡಿಯ ನೌಕರನೊಬ್ಬ ಸತ್ತ, ಒಬ್ಬ ಪೊಲೀಸ್ ಅಧಿಕಾರಿ ತೋಳು ಕಳೆದುಕೊಂಡ. ಠಾಣೆಯ ಮೇಲೆ ದಾಳಿಯಾಗಿದೆ ಎಂದುಕೊಂಡ ಪೆನ್‌ರೋಸ್ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆಸಿದ. ಲೆಕ್ಕ ಸರಿಯಾಗಿತ್ತು. ಬೆಳಕು ಹರಿದ ಮೇಲೆ ಬಂದೂಕುಗಳನ್ನು ಪರೀಕ್ಷಿಸಿದರು. ಅವು ಚೊಕ್ಕಟವಾಗಿದ್ದವು.

ಆದರೆ ಊರಿನವರು ಬೇರೆ ಮಾತು ಹೇಳಿದರು. ಕತ್ತಲಲ್ಲಿ ಕಪ್ಪು ಸೈನಿಕರನ್ನು ಕಣ್ಣಾರೆ ಕಂಡೆವು ಎಂದರು. ಬೀದಿಯಲ್ಲಿ ಬಿದ್ದಿದ್ದ ಸೇನಾ ಬಂದೂಕಿನ ಖಾಲಿ ತೋಟಾಗಳನ್ನು ತಂದು ತೋರಿಸಿದರು. ಹನ್ನೆರಡು ಸೈನಿಕರನ್ನು ಬಂಧಿಸಲಾಯಿತು. ಆದರೆ ಆ ಜಿಲ್ಲೆಯದೇ ಆದ ಮಹಾ ಜ್ಯೂರಿಯ ಮುಂದೆ ವಿಷಯ ಬಂದಾಗ, ಒಬ್ಬನ ಮೇಲೂ ಆರೋಪ ಹೊರಿಸುವಷ್ಟು ಸಾಕ್ಷ್ಯ ಸಿಗಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಬಾಯಿ ಬಿಡದಿದ್ದದ್ದೇ ಅಪರಾಧ

ಸೈನ್ಯದ ಇನ್ಸ್‌ಪೆಕ್ಟರ್ ಜನರಲ್ ಅರ್ನೆಸ್ಟ್ ಗಾರ್ಲಿಂಗ್ಟನ್ ಸೈನಿಕರನ್ನು ವಿಚಾರಿಸಲು ಬಂದ. ತಪ್ಪು ಮಾಡಿದವರ ಹೆಸರು ಹೇಳಿ, ಇಲ್ಲದಿದ್ದರೆ ಎಲ್ಲರನ್ನೂ ಸೈನ್ಯದಿಂದ ಹೊರಹಾಕುತ್ತೇವೆ ಎಂದ. ಯಾರೂ ಹೆಸರು ಹೇಳಲಿಲ್ಲ. ನಮಗೆ ಗೊತ್ತಿಲ್ಲ ಎಂದರು. ಅವರೆಲ್ಲ ಸೇರಿ ಸತ್ಯ ಮುಚ್ಚಿಡುತ್ತಿದ್ದಾರೆ ಎಂದು ಗಾರ್ಲಿಂಗ್ಟನ್ ತೀರ್ಮಾನಿಸಿದ. ಅವರಿಗೆ ನಿಜವಾಗಿಯೂ ಗೊತ್ತಿಲ್ಲದಿರಬಹುದು ಎಂಬ ಸಾಧ್ಯತೆಗೆ ಆ ವರದಿಯಲ್ಲಿ ಜಾಗವಿರಲಿಲ್ಲ.

1906ರ ನವೆಂಬರ್ 5ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆದೇಶಕ್ಕೆ ಸಹಿ ಹಾಕಿದ. 167 ಸೈನಿಕರಿಗೆ 'ಗೌರವರಹಿತ' ಬಿಡುಗಡೆ. ಮತ್ತೆ ಸೈನ್ಯ ಸೇರುವಂತಿಲ್ಲ, ಸರ್ಕಾರಿ ನೌಕರಿಯೂ ಇಲ್ಲ. ಸಂಸತ್ತಿನ ಚುನಾವಣೆ ಮರುದಿನವೇ ಇತ್ತು. ಉತ್ತರದ ರಾಜ್ಯಗಳ ಕಪ್ಪು ಮತದಾರರು ಆಗ ರೂಸ್‌ವೆಲ್ಟ್‌ನ ರಿಪಬ್ಲಿಕನ್ ಪಕ್ಷದ ಜೊತೆಗಿದ್ದರು. ಆದೇಶ ಬಹಿರಂಗವಾದದ್ದು ಮತದಾನ ಮುಗಿದ ಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಪಮಾನದ ಬಿಡುಗಡೆಗೆ ಸೇನಾ ನ್ಯಾಯಾಲಯದ ವಿಚಾರಣೆ ಬೇಕು. 'ಗೌರವರಹಿತ' ಎಂಬುದಕ್ಕೆ ಬೇಡ, ಅದು ಆಡಳಿತಾತ್ಮಕ ಕ್ರಮ. ಹಾಗಾಗಿ ಆರೋಪಪಟ್ಟಿ ಇಲ್ಲ, ವಕೀಲರಿಲ್ಲ, ಪಾಟೀಸವಾಲಿಲ್ಲ. ಶಿಕ್ಷೆ ಮಾತ್ರ ಇದೆ. ಅದೇ ರಾತ್ರಿಯ ಘಟನೆಗಾಗಿ ಮೇಜರ್ ಪೆನ್‌ರೋಸ್ ಮತ್ತು ಕ್ಯಾಪ್ಟನ್ ಎಡ್ಗರ್ ಮ್ಯಾಕ್ಲಿನ್ ಮೇಲೂ ಕರ್ತವ್ಯಲೋಪದ ಆರೋಪ ಬಂತು. ಅವರಿಗೆ 1907ರಲ್ಲಿ ಸೇನಾ ನ್ಯಾಯಾಲಯದಲ್ಲಿ ಕ್ರಮಬದ್ಧ ವಿಚಾರಣೆ ನಡೆಯಿತು. ಇಬ್ಬರೂ ಖುಲಾಸೆಯಾದರು. ಬಿಳಿಯರಾದ ಇಬ್ಬರು ಅಧಿಕಾರಿಗಳಿಗೆ ಸಿಕ್ಕ ವಿಚಾರಣೆ ಕಪ್ಪು ಸೈನಿಕರಲ್ಲಿ ಒಬ್ಬನಿಗೂ ಸಿಗಲಿಲ್ಲ.

ಹೊರಬಿದ್ದವರಲ್ಲಿ ಮೊದಲ ಸಾರ್ಜೆಂಟ್ ಮಿಂಗೋ ಸ್ಯಾಂಡರ್ಸ್ ಇದ್ದ. ಇಪ್ಪತ್ತಾರು ವರ್ಷದ ಸೇವೆ, ನಿವೃತ್ತಿ ಹತ್ತಿರವಿತ್ತು. 1898ರ ಕ್ಯೂಬಾ ಯುದ್ಧದಲ್ಲಿ ಊಟವಿಲ್ಲದೆ ಇದ್ದ ರೂಸ್‌ವೆಲ್ಟ್‌ನ ಪಡೆಗೆ ತನ್ನ ತುಕಡಿಯ ಒಣ ರೊಟ್ಟಿ ಹಂಚಿದ್ದನ್ನು ಆತ ನೆನಪಿಸಿಕೊಂಡು ಹೇಳಿದ್ದಾನೆ. ಆ ರೂಸ್‌ವೆಲ್ಟ್‌ನ ಒಂದು ಸಹಿಗೆ ಅವನ ಪಿಂಚಣಿ ಹೋಯಿತು.

ವಾದ ಮಾಡಿದವರು

ಕಪ್ಪು ಸಮುದಾಯದ ಹಿರಿಯ ನಾಯಕ ಬೂಕರ್ ಟಿ. ವಾಷಿಂಗ್ಟನ್ ಖಾಸಗಿಯಾಗಿ ಅಧ್ಯಕ್ಷನಿಗೆ ಬೇಡವೆಂದು ಹೇಳಿದ್ದ. ರೂಸ್‌ವೆಲ್ಟ್ ಕೇಳಲಿಲ್ಲ. ಮೇರಿ ಚರ್ಚ್ ಟೆರೆಲ್ ಎಂಬ ಹೋರಾಟಗಾರ್ತಿ ಯುದ್ಧ ಕಾರ್ಯದರ್ಶಿ ವಿಲಿಯಂ ಟಾಫ್ಟ್‌ನನ್ನು ಭೇಟಿಯಾಗಿ ಪಟ್ಟು ಹಿಡಿದಳು. ಟಾಫ್ಟ್ ಆದೇಶವನ್ನು ಕೆಲಕಾಲ ತಡೆದ. ಪನಾಮಾ ಪ್ರವಾಸದಲ್ಲಿದ್ದ ರೂಸ್‌ವೆಲ್ಟ್ ಒಪ್ಪದ ಕಾರಣ ಆ ತಡೆ ನಿಲ್ಲಲಿಲ್ಲ. 1907ರ ಜನವರಿಯಲ್ಲಿ, ಸರ್ಕಾರಿ ನೌಕರಿಯ ನಿಷೇಧವನ್ನಷ್ಟೇ ರೂಸ್‌ವೆಲ್ಟ್ ಹಿಂದಕ್ಕೆ ಪಡೆದ.

ಸೆನೆಟ್‌ನಲ್ಲಿ ಈ ಸೈನಿಕರ ಪರ ನಿಂತವನು ಓಹಾಯೋದ ಜೋಸೆಫ್ ಫೊರೇಕರ್, ಅಧ್ಯಕ್ಷನ ಪಕ್ಷದವನೇ. ಅವನ ಒತ್ತಾಯದಿಂದ ಸೆನೆಟ್‌ನ ಸೇನಾ ಸಮಿತಿ 1907-08ರಲ್ಲಿ ದೀರ್ಘ ವಿಚಾರಣೆ ನಡೆಸಿತು. ಕತ್ತಲ ರಾತ್ರಿಯಲ್ಲಿ, ಅಷ್ಟು ದೂರದಿಂದ ಮುಖದ ಬಣ್ಣ ಗುರುತಿಸಲು ಆಗುತ್ತದೆಯೇ ಎಂದು ಫೊರೇಕರ್ ಕೇಳಿದ. ತೋಟಾಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಬಿ ತುಕಡಿಯ ನಾಲ್ಕು ಬಂದೂಕುಗಳಿಂದ ಹಾರಿದವೆಂದು ಕಂಡಿತ್ತು. ಮೇಲ್ನೋಟಕ್ಕೆ ಇದು ಸೈನಿಕರ ವಿರುದ್ಧದ ಸಾಕ್ಷ್ಯ. ಆದರೆ ಆ ನಾಲ್ಕರಲ್ಲಿ ಒಂದು ಬಂದೂಕು ಆ ರಾತ್ರಿ ಬೀಗ ಹಾಕಿದ ಪೆಟ್ಟಿಗೆಯೊಳಗಿತ್ತು! ನೆಬ್ರಾಸ್ಕಾದ ಗುರಿ ಅಭ್ಯಾಸದಲ್ಲಿ ಬಳಸಿದ ಖಾಲಿ ತೋಟಾಗಳನ್ನು ಪೆಟ್ಟಿಗೆಯಲ್ಲಿ ತಂದಿದ್ದರು, ಆ ಪೆಟ್ಟಿಗೆ ಬ್ಯಾರಕ್ಕಿನ ಜಗಲಿಯಲ್ಲಿ ತೆರೆದೇ ಇತ್ತು, ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಬೀದಿಯಲ್ಲಿ ಚೆಲ್ಲಬಹುದಿತ್ತು ಎಂಬುದು ಫೊರೇಕರ್‌ನ ವಾದ.

ಸಮಿತಿಯ ಬಹುಮತ ಅಧ್ಯಕ್ಷನ ಪರವೇ ಹೋಯಿತು. ಫೊರೇಕರ್‌ನ ರಾಜಕೀಯ ಬದುಕು ಮುಗಿಯಿತು. ಆದರೂ ಅವನ ಹಟದಿಂದ 1909ರಲ್ಲಿ ಐವರು ನಿವೃತ್ತ ಅಧಿಕಾರಿಗಳ ವಿಚಾರಣಾ ಮಂಡಳಿ ಬಂತು. 1910ರಲ್ಲಿ ಅದು ಹದಿನಾಲ್ಕು ಮಂದಿ ಮಾತ್ರ ಮರಳಿ ಸೈನ್ಯ ಸೇರಬಹುದೆಂದು ಹೇಳಿತು. ಆ ಹದಿನಾಲ್ವರೇ ಏಕೆ, ಉಳಿದವರು ಏಕಲ್ಲ ಎಂಬುದಕ್ಕೆ ವಿವರಣೆ ಕೊಡಲಿಲ್ಲ. ಅಲ್ಲಿಗೆ ಕಡತ ಮುಚ್ಚಿತು.

ಪುಸ್ತಕ, ಮಸೂದೆ, ಆದೇಶ

ಅರವತ್ತು ವರ್ಷ ಕಳೆಯಿತು. 1970ರಲ್ಲಿ ಜಾನ್ ಡಿ. ವೀವರ್ ಎಂಬ ಲೇಖಕ ಹಳೆಯ ವಿಚಾರಣೆಗಳ ದಾಖಲೆಗಳನ್ನು ಮತ್ತೆ ಓದಿ 'ದ ಬ್ರೌನ್ಸ್‌ವಿಲ್ ರೇಡ್' ಪುಸ್ತಕ ಬರೆದ. ಸೈನಿಕರು ನಿರಪರಾಧಿಗಳು ಎಂಬುದು ಅವನ ನಿಲುವು. ಅದನ್ನು ಓದಿದ ಲಾಸ್ ಏಂಜಲೀಸ್‌ನ ಸಂಸದ ಆಗಸ್ಟಸ್ ಹಾಕಿನ್ಸ್ ಸಂಸತ್ತಿನಲ್ಲಿ ಮಸೂದೆ ತಂದ. ಸೈನ್ಯ ತನ್ನ ಕಡತ ತೆರೆಯಬೇಕಾಯಿತು. 1972ರ ಸೆಪ್ಟೆಂಬರ್ 28ರಂದು ಸೇನಾ ಕಾರ್ಯದರ್ಶಿ ರಾಬರ್ಟ್ ಫ್ರೋಲ್ಕೆ ಆ ಬಿಡುಗಡೆಗಳನ್ನು ಗೌರವಯುತ ಎಂದು ಬದಲಿಸಿ ಆದೇಶ ಹೊರಡಿಸಿದ.

ಗಮನಿಸಬೇಕಾದ ಮಾತು ಇದು. ಆ ರಾತ್ರಿ ಗುಂಡು ಹಾರಿಸಿದವರು ಯಾರು ಎಂದು 1972ರಲ್ಲೂ ತೀರ್ಮಾನವಾಗಲಿಲ್ಲ. ತೀರ್ಮಾನವಾದದ್ದು ಬೇರೆ: ವಿಚಾರಣೆಯಿಲ್ಲದೆ ಒಂದು ಗುಂಪನ್ನೇ ಶಿಕ್ಷಿಸಿದ್ದು ಅನ್ಯಾಯ. ಕ್ಷಮಾದಾನಕ್ಕೂ ತಿದ್ದುಪಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ಕ್ಷಮಿಸುವಾಗ ತಪ್ಪು ಅವನದು ಎಂದೇ ಇಟ್ಟುಕೊಳ್ಳುತ್ತೇವೆ. ದಾಖಲೆ ತಿದ್ದುವಾಗ ಸರ್ಕಾರವೇ, ಬರೆದದ್ದು ನನ್ನ ತಪ್ಪು ಎಂದು ಒಪ್ಪಬೇಕಾಗುತ್ತದೆ. ಅದಕ್ಕೇ ಎರಡನೆಯದು ಅಷ್ಟು ಕಷ್ಟ.

ಆ ಹೊತ್ತಿಗೆ ಯಾರು ಉಳಿದಿದ್ದರು? ಮಿನಿಯಾಪೊಲಿಸ್‌ನಲ್ಲಿ ಡಾರ್ಸಿ ವಿಲ್ಲಿಸ್ ಇದ್ದ. 1906ರಲ್ಲಿ ಇಪ್ಪತ್ತರ ಹುಡುಗ. ಸೈನ್ಯದಿಂದ ಹೊರಬಿದ್ದ ಮೇಲೆ ದಶಕಗಳ ಕಾಲ ಕ್ಷೌರದಂಗಡಿಯೊಂದರಲ್ಲಿ ಬೂಟು ಪಾಲಿಶ್ ಮಾಡಿ ಬದುಕಿದವನು. 1973ರ ಫೆಬ್ರವರಿ 11ರಂದು, ಅವನ 87ನೇ ಹುಟ್ಟುಹಬ್ಬದ ದಿನ, ಅಲ್ಲಿನ ಒಂದು ಚರ್ಚಿನಲ್ಲಿ ಸೈನ್ಯದ ಅಧಿಕಾರಿಗಳು ಅವನ ಕೈಗೆ ಗೌರವಯುತ ಬಿಡುಗಡೆ ಪತ್ರ ಕೊಟ್ಟರು. ಆದೇಶದಲ್ಲಿ ಬಾಕಿ ಸಂಬಳದ ಮಾತಿರಲಿಲ್ಲ. ಅದಕ್ಕೆ ಸಂಸತ್ತು ಪ್ರತ್ಯೇಕ ಕಾನೂನು ಮಾಡಬೇಕಾಯಿತು. 1974ರ ಜನವರಿಯಲ್ಲಿ ವಿಲ್ಲಿಸ್‌ಗೆ 25,000 ಡಾಲರ್ ಬಂತು. ಬದುಕಿದ್ದ ವಿಧವೆಯರಿಗೆ ತಲಾ 10,000. 1977ರಲ್ಲಿ ವಿಲ್ಲಿಸ್ ತೀರಿಕೊಂಡಾಗ ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು.

ಮಿಂಗೋ ಸ್ಯಾಂಡರ್ಸ್‌ನ ಪತ್ರವೂ ಬದಲಾಯಿತು. ಪಡೆಯಲು ಅವನಿರಲಿಲ್ಲ.

ಈಗಿನ ವ್ಯವಸ್ಥೆ

1906ರ ಸೈನಿಕರಿಗೆ ಅರ್ಜಿ ಹಾಕಲು ಒಂದು ಕಚೇರಿಯೂ ಇರಲಿಲ್ಲ. ಅದು ಬಂದದ್ದು 1944ರಲ್ಲಿ, ಎರಡನೆಯ ಮಹಾಯುದ್ಧದ ಸೈನಿಕರಿಗೆ ಓದು, ಸಾಲ, ಚಿಕಿತ್ಸೆಯ ನೆರವು ಕೊಟ್ಟ ಜಿಐ ಬಿಲ್ ಕಾನೂನಿನ ಜೊತೆಗೆ. ಅದರ ಒಂದು ಕಲಮು ಬಿಡುಗಡೆ ಪರಿಶೀಲನಾ ಮಂಡಳಿಗಳನ್ನು ಹುಟ್ಟುಹಾಕಿತು. ಆ ಕಾಲದಲ್ಲಿ 'ನೀಲಿ ಬಿಡುಗಡೆ' ಎಂಬುದಿತ್ತು, ನೀಲಿ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಆ ಹೆಸರು. ಗೌರವಯುತವೂ ಅಲ್ಲ, ಅಪಮಾನದ್ದೂ ಅಲ್ಲ. ವಿಚಾರಣೆಯಿಲ್ಲದೆ ಕೊಡಬಹುದಾಗಿದ್ದ ಇದು ಕಪ್ಪು ಸೈನಿಕರಿಗೂ ಸಲಿಂಗಿಗಳೆಂದು ಗುರುತಿಸಲಾದವರಿಗೂ ಹೆಚ್ಚಾಗಿ ಸಿಕ್ಕಿತು. ಕಪ್ಪು ಸಮುದಾಯದ ಪತ್ರಿಕೆ ಪಿಟ್ಸ್‌ಬರ್ಗ್ ಕೊರಿಯರ್ ಇದರ ವಿರುದ್ಧ ಬಿಡದೆ ಬರೆಯಿತು. 1947ರಲ್ಲಿ ನೀಲಿ ಬಿಡುಗಡೆ ನಿಂತಿತು.

ಇಂದು ಅರ್ಜಿದಾರನಿಗೆ ಎರಡು ಬಾಗಿಲುಗಳಿವೆ. ಬಿಡುಗಡೆಯಾಗಿ 15 ವರ್ಷದೊಳಗಿದ್ದರೆ ಪರಿಶೀಲನಾ ಮಂಡಳಿ. ಅದು ಎರಡು ಪ್ರಶ್ನೆ ಕೇಳುತ್ತದೆ: ನಿಯಮದ ಪ್ರಕಾರ ನಡೆದಿತ್ತೇ? ನಿಯಮದ ಪ್ರಕಾರವೇ ನಡೆದಿದ್ದರೂ, ನ್ಯಾಯವಾಗಿತ್ತೇ? ಅಲ್ಲಿ ಆಗದಿದ್ದರೆ, ಅಥವಾ ಕಾಲ ಮೀರಿದ್ದರೆ, ಸೇನಾ ದಾಖಲೆ ತಿದ್ದುಪಡಿ ಮಂಡಳಿ. ಇಲ್ಲಿ ಮೂರು ವರ್ಷದ ಮಿತಿಯಿದೆ, ನ್ಯಾಯದ ದೃಷ್ಟಿಯಿಂದ ಅದನ್ನು ಸಡಿಲಿಸಬಹುದು.

ಬಾಗಿಲಿದ್ದರೂ ಹೊಸ್ತಿಲು ಎತ್ತರ. ಸರ್ಕಾರ ಮಾಡಿದ್ದು ಸರಿಯಾಗಿಯೇ ಇದೆ ಎಂದು ಇಟ್ಟುಕೊಂಡೇ ಮಂಡಳಿ ಶುರು ಮಾಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಸೈನಿಕನದು. ಅವನ ಹತ್ತಿರ ಏನಿದೆ? ಸೈನ್ಯವೇ ಬರೆದ ಕಡತ. ಅದೂ ಇಲ್ಲದಿರಬಹುದು: 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇ. 80ರಷ್ಟು ಸುಟ್ಟುಹೋದವು. ವಿಯೆಟ್ನಾಂ ಯುದ್ಧದಿಂದ ಬಂದವರದು ಇನ್ನೊಂದು ಕತೆ. ನಿದ್ದೆ ಬಾರದೆ, ಕುಡಿದು, ಹೇಳದೆ ಕೇಳದೆ ಪಾಳಯ ಬಿಟ್ಟು ಹೋದವರಿಗೆ ಕೆಟ್ಟ ಬಿಡುಗಡೆ ಸಿಕ್ಕಿತು. ಯುದ್ಧದ ಆಘಾತದಿಂದ ಬರುವ ಆ ಮನೋರೋಗಕ್ಕೆ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸೇರಿದ್ದೇ 1980ರಲ್ಲಿ. ಹೆಸರೇ ಇಲ್ಲದ ಕಾಯಿಲೆಗೆ ಅಂದಿನ ವೈದ್ಯರ ಚೀಟಿ ತಾ ಎಂದರೆ ಎಲ್ಲಿಂದ ತರುವುದು? 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್, ಇಂಥವರ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು ಮಂಡಳಿಗಳಿಗೆ ಸೂಚಿಸಿದ. 2017ರ ಸೂಚನೆ ಅದನ್ನು ಮಿದುಳಿನ ಗಾಯ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೂ ವಿಸ್ತರಿಸಿತು.

2023ರ ನವೆಂಬರ್‌ನಲ್ಲಿ ಇನ್ನೊಂದು ಹಳೆಯ ಕಡತ ತೆರೆಯಿತು. 1917ರಲ್ಲಿ ಹ್ಯೂಸ್ಟನ್‌ನಲ್ಲಿ ನಡೆದ ಗಲಭೆಗಾಗಿ ಶಿಕ್ಷೆಯಾಗಿದ್ದ 110 ಕಪ್ಪು ಸೈನಿಕರ ತೀರ್ಪುಗಳನ್ನು ಸೈನ್ಯ ರದ್ದುಮಾಡಿ, ಅವರ ಸೇವೆಯನ್ನು ಗೌರವಯುತವೆಂದು ದಾಖಲಿಸಿತು. ಅವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಗಿತ್ತು.

ವರದಿಗಾರಿಕೆ ಕಲಿತ ನಮಗೆ ಬ್ರೌನ್ಸ್‌ವಿಲ್‌ನಲ್ಲಿ ಒಂದು ಪಾಠ ಕಂಡಿತು. ವೀವರ್ ಬಳಿ ಹೊಸ ಸಾಕ್ಷಿಗಳಿರಲಿಲ್ಲ. ಹಾಜರಿ ಸರಿಯಾಗಿತ್ತು ಎಂಬುದು, ಒಂದು ಬಂದೂಕು ಬೀಗದೊಳಗಿತ್ತು ಎಂಬುದು, ಜ್ಯೂರಿ ಆರೋಪ ಹೊರಿಸಲಿಲ್ಲ ಎಂಬುದು ಅಚ್ಚಾದ ದಾಖಲೆಗಳಲ್ಲಿ ಮೊದಲಿಂದಲೂ ಇತ್ತು. ಸರ್ಕಾರಿ ಕಪಾಟಿನಲ್ಲಿ, ಗ್ರಂಥಾಲಯದಲ್ಲಿ, ಕೇಳಿದವರಿಗೆ ಸಿಗುವಂತೆ ಇತ್ತು. ಯಾರಾದರೂ ಕೂತು ಪೂರ್ತಿ ಓದುವವರೆಗೆ 167 ಮನೆಗಳ ಹೆಸರು ಕೆಟ್ಟೇ ಉಳಿಯಿತು.